ಫ್ರೆಸ್ನೋ ಸ್ಟೇಟ್ ಮೀಟ್‌ಗೆ ಹತ್ತು ದಿನ: ತಂಡದ ಐದನೇ ಹುಡುಗಿಯ ಮನೆಯವರಿಗೆ

ನಮಸ್ಕಾರ ಮೇಡಂ. ಮಗಳು ಹತ್ತನೇ ತರಗತಿ, ಶಾಲೆಯ ವಾರ್ಸಿಟಿ (ಮುಖ್ಯ) ಹುಡುಗಿಯರ ಕ್ರಾಸ್ ಕಂಟ್ರಿ (ಹುಲ್ಲು ಮಣ್ಣಿನ ದಾರಿಯ ಓಟ) ತಂಡದಲ್ಲಿ ಐದನೆಯವಳು, ತಂಡ ಕ್ಯಾಲಿಫೋರ್ನಿಯಾ ಸ್ಟೇಟ್ ಮೀಟ್‌ಗೆ ಅಂದರೆ ರಾಜ್ಯಮಟ್ಟದ ಸ್ಪರ್ಧೆಗೆ ಹೊರಟಿದೆ ಅಂತ ಬರೆದಿದ್ದೀರಿ. ಕೋಚ್ ಓಟ ಕಡಿಮೆ ಮಾಡಿಸಿದ್ದಾರೆ, ಮನೆಯಲ್ಲಿ ಅವರಪ್ಪ ಜೊತೆಗೆ ಓಡಿಸಬಹುದಾ, ಊಟ ಏನು ಕೊಡಬೇಕು, ಹೊಸ ಸ್ಪೈಕ್ಸ್ (ಅಡಿಯಲ್ಲಿ ಪಿನ್ ಇರುವ ಓಟದ ಶೂ) ತರಬೇಕಾ, ಕಾಲು ಭಾರ ಅಂತಿದ್ದಾಳೆ ಏನು ಮಾಡೋದು ಅಂತಲೂ ಕೇಳಿದ್ದೀರಿ. ಒಂದೊಂದಾಗಿ ಹೇಳ್ತೀನಿ. ಅದಕ್ಕೆ ಮೊದಲು, "ಬರೀ ಐದನೆಯವಳು" ಅಂತ ಬರೆದಿದ್ದೀರಲ್ಲ, ಆ "ಬರೀ" ತೆಗೆದುಬಿಡಿ.

ತಂಡದಿಂದ ಏಳು ಜನ ಓಡ್ತಾರೆ. ಮೊದಲು ಬಂದ ಐವರ ಸ್ಥಾನಗಳನ್ನು ಕೂಡ್ತಾರೆ, ಯಾರ ಮೊತ್ತ ಕಡಿಮೆಯೋ ಆ ತಂಡ ಗೆದ್ದ ಹಾಗೆ. ಒಂದು ತಂಡದ ಹುಡುಗಿಯರು 1, 2, 31, 45, 70ನೇ ಸ್ಥಾನಕ್ಕೆ ಬಂದರು ಅನ್ನಿ, ಮೊತ್ತ 149. ಇನ್ನೊಂದು ತಂಡದವರು 18, 20, 22, 25, 30, ಮೊತ್ತ 115. ರೇಸಿನ ಮೊದಲ ಇಬ್ಬರೂ ತಮ್ಮವರೇ ಆಗಿದ್ದರೂ ಮೊದಲನೇ ತಂಡ 34 ಅಂಕದಿಂದ ಸೋತಿತು, ಅದರಲ್ಲಿ 40 ಅಂಕದ ವ್ಯತ್ಯಾಸ ಐದನೆಯವಳೊಬ್ಬಳದ್ದೇ. ಮುಂದೆ ಓಡುವವರ ನಡುವೆ ಹತ್ತು ಸೆಕೆಂಡ್ ಅಂದರೆ ಒಂದೆರಡು ಸ್ಥಾನ. ನಿಮ್ಮ ಮಗಳು ಓಡುವ ಜಾಗದಲ್ಲಿ ಗುಂಪು ದಟ್ಟ, ಅಲ್ಲಿ ಅದೇ ಹತ್ತು ಸೆಕೆಂಡಿಗೆ ಹದಿನೈದು ಸ್ಥಾನ ಹೋಗಬಹುದು. ಆರು ಮತ್ತು ಏಳನೆಯವರ ಅಂಕ ಕೂಡೋದಿಲ್ಲ, ಆದರೆ ಅವರು ಎದುರಾಳಿಯ ಐದನೆಯವಳಿಗಿಂತ ಮುಂದೆ ಬಂದರೆ ಆ ತಂಡದ ಮೊತ್ತ ಏರುತ್ತೆ. ಎರಡು ತಂಡ ಸಮ ಬಂದರೆ ಆರನೆಯವಳನ್ನು ನೋಡಿ ತೀರ್ಮಾನ ಮಾಡ್ತಾರೆ. ತಂಡವಿಲ್ಲದೆ ಒಂಟಿಯಾಗಿ ಆಯ್ಕೆಯಾಗಿ ಬಂದ ಹುಡುಗಿಯರನ್ನು ತೆಗೆದುಹಾಕಿ ತಂಡದ ಅಂಕ ಲೆಕ್ಕ ಹಾಕ್ತಾರೆ. ಹಾಗಾಗಿ ಫಲಿತಾಂಶದಲ್ಲಿ ಅವಳ ಹೆಸರಿನ ಮುಂದೆ ಎರಡು ಬೇರೆ ಬೇರೆ ಸಂಖ್ಯೆ ಕಂಡರೆ ಗಾಬರಿ ಬೇಡ.

ನ್ಯೂಯಾರ್ಕ್ ರಾಜ್ಯದ ಫೇಯೆಟ್‌ವಿಲ್-ಮ್ಯಾನ್ಲಿಯಸ್ ಶಾಲೆಯ ಹುಡುಗಿಯರು ಕೋಚ್ ಬಿಲ್ ಏರಿಸ್ ಕೈಕೆಳಗೆ 2006ರಿಂದ 2012ರವರೆಗೆ ಸತತ ಏಳು ವರ್ಷ ರಾಷ್ಟ್ರೀಯ ಮೀಟ್ ಗೆದ್ದರು. ಅವರ ಬಲ ಇದ್ದದ್ದು ಗುಂಪಿನಲ್ಲಿ: ಒಂದನೆಯವಳು ಬಂದು ಸ್ವಲ್ಪ ಹೊತ್ತಿಗೇ ಐದನೆಯವಳೂ ಗೆರೆ ದಾಟಿರೋಳು. ಮಗಳಿಗೆ ಇದನ್ನು ಹೇಳಿ, ಆದರೆ ಒತ್ತಡದ ಮಾತಾಗಿ ಹೇಳಬೇಡಿ.

ಈಗ ಓಟದ ವಿಷಯ. ಗಟ್ಟಿ ವರ್ಕೌಟ್ ಮಾಡಿದರೆ ಅದರ ಫಲ ಮೈಗೆ ಹತ್ತೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಅಂದರೆ ಇವತ್ತಿನಿಂದ ಎಷ್ಟೇ ಓಡಿಸಿದರೂ ರೇಸಿಗೆ ಸಿಗೋದು ಸುಸ್ತು ಮಾತ್ರ. ಕೋಚ್ ಮಾಡ್ತಿರೋದು ಟೇಪರ್, ಅಂದರೆ ರೇಸಿಗೆ ಮುಂಚೆ ಓಟವನ್ನು ಬೇಕಂತಲೇ ಇಳಿಸೋದು. ವಾರಕ್ಕೆ 35 ಮೈಲಿ ಓಡುತ್ತಿದ್ದ ಹುಡುಗಿಯನ್ನು 25ರ ಹತ್ತಿರ ತರ್ತಾರೆ, ಆದರೆ ವೇಗದ ಭಾಗವನ್ನು ಪೂರ್ತಿ ಬಿಡಿಸೋದಿಲ್ಲ. ರೇಸಿನ ವಾರ ಮಂಗಳವಾರ ರೇಸ್ ವೇಗದಲ್ಲಿ 1000 ಮೀಟರ್ ಮೂರು ಸಲ ಅಥವಾ 400 ಮೀಟರ್ ನಾಲ್ಕೈದು ಸಲ, ಬುಧವಾರ ಅರ್ಧ ಗಂಟೆ ಹಗುರ ಓಟ, ಗುರುವಾರ ಇನ್ನೂ ಕಡಿಮೆ, ಶುಕ್ರವಾರ ಇಪ್ಪತ್ತು ನಿಮಿಷ ಜಾಗ್ ಮಾಡಿ ನಾಲ್ಕು ಸ್ಟ್ರೈಡ್ಸ್ (ಚಿಕ್ಕ ಚುರುಕು ಓಟ). ಬಹಳ ತಂಡಗಳ ಕೊನೇ ವಾರ ಹೆಚ್ಚುಕಡಿಮೆ ಹೀಗೇ ಇರುತ್ತೆ. ಅವರಪ್ಪ ಜೊತೆಗೆ ಓಡಿಸೋದು ಖಂಡಿತ ಬೇಡ. ಅದು ಪ್ರೀತಿಯಿಂದಲೇ ಬರುವ ಆಸೆ, ಗೊತ್ತು, ಆದರೆ ಹೀಗೆ ಕದ್ದು ಸೇರಿಸಿದ ಮೂರು ಮೈಲಿ ಕೋಚ್ ಲೆಕ್ಕದಲ್ಲಿ ಇರೋದಿಲ್ಲ. ಶನಿವಾರ ಎರಡನೇ ಮೈಲಿಯಲ್ಲಿ ಕಾಲು ಎಳೆಯೋಕೆ ಶುರುವಾದಾಗ ಕಾರಣ ಯಾರಿಗೂ ತಿಳಿಯೋದಿಲ್ಲ.

ಕಾಲು ಭಾರ ಅನ್ನೋದು ಟೇಪರ್‌ನಲ್ಲಿ ತೀರಾ ಸಾಮಾನ್ಯ. ಓಟ ಕಡಿಮೆಯಾದ ಮೊದಲ ನಾಲ್ಕೈದು ದಿನ ಮೈ ಜಡ ಅನ್ನಿಸುತ್ತೆ, ಆಮೇಲೆ ಸರಿಹೋಗುತ್ತೆ. ಆದರೆ ಭಾರ ಬೇರೆ, ನೋವು ಬೇರೆ. ಮೊಣಕಾಲಿನ ಕೆಳಗೆ ಮುಂದಿರುವ ಮೂಳೆಯ ಒಳಬದಿಯಲ್ಲಿ ಅವಳೇ ಮುಟ್ಟಿ ತೋರಿಸಲಿ. ಅಂಗೈಯಗಲ ಸವರಿ "ಇಲ್ಲೆಲ್ಲಾ" ಅಂದರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್ (ಓಟದ ಹೊಡೆತಕ್ಕೆ ಆ ಮೂಳೆಯುದ್ದಕ್ಕೂ ಬರುವ ನೋವು), ಕೋಚ್‌ಗೆ ತಿಳಿಸಿ, ಐಸ್ ಇಟ್ಟು ನೋಡಿ. ಒಂದೇ ಬೆರಳಿಟ್ಟು "ಇಲ್ಲೇ" ಅಂದರೆ, ಆ ಕಾಲೊಂದರಲ್ಲೇ ಕುಪ್ಪಳಿಸಿದಾಗ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಅದು ಮೂಳೆಯಲ್ಲಿ ಬಿರುಕು ಇರಬಹುದು. ಪಾದದ ಮೇಲ್ಭಾಗದ ಮೂಳೆಗೂ ಇದೇ ಮಾತು. ಆಗ ಸ್ಟೇಟ್ ಆಗಲಿ ಏನೇ ಆಗಲಿ, ಓಟ ನಿಲ್ಲಿಸಿ ಮೊದಲು ಡಾಕ್ಟರ್. ನೋವಿನ ಮಾತ್ರೆ ನುಂಗಿಸಿ ಓಡಿಸಿದರೆ ಆರು ವಾರದಲ್ಲಿ ವಾಸಿಯಾಗೋದು ಇಡೀ ಟ್ರ್ಯಾಕ್ ಸೀಸನ್ ನುಂಗುತ್ತೆ.

ಇದಕ್ಕೇ ಸೇರಿದ ಇನ್ನೊಂದು ಮಾತು, ಓಡುವ ಹುಡುಗಿಯರ ಮನೆಯವರು ಯಾರೂ ಇದನ್ನು ಬಾಯಿಬಿಟ್ಟು ಕೇಳೋದಿಲ್ಲ. ಮುಟ್ಟು ಮೂರು ತಿಂಗಳಿಂದ ಬಂದಿಲ್ಲ ಅಂದರೆ "ಓಡೋ ಹುಡುಗಿಯರಿಗೆ ಹಾಗೇ" ಅಂತ ಬಿಡಬೇಡಿ. ಓಡುವಷ್ಟಕ್ಕೆ ತಕ್ಕ ಊಟ ಸಾಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತೆ, ಆಮೇಲೆ ಮೂಳೆ ಸೊರಗುತ್ತೆ. ಸಣ್ಣಗಾದರೆ ವೇಗ ಬರುತ್ತೆ ಅನ್ನುವ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು, ಅಜ್ಜಿಯ ಬಾಯಲ್ಲೂ. ಹದಿನೈದು ಹದಿನಾರರಲ್ಲಿ ಮೈ ತುಂಬಿಕೊಂಡು ಟೈಮ್ ಒಂದು ವರ್ಷ ನಿಂತಲ್ಲೇ ನಿಲ್ಲೋದು, ಹಿಂದೆ ಹೋಗೋದು ಸಹಜ. ಆ ವರ್ಷ ಊಟ ಕಡಿಮೆ ಮಾಡಿದ ಹುಡುಗಿಯರೇ ಹನ್ನೆರಡನೇ ತರಗತಿಗೆ ಬರುವ ಹೊತ್ತಿಗೆ ತಂಡದಲ್ಲಿ ಉಳಿದಿರೋದಿಲ್ಲ.

ನೀವು ಸಸ್ಯಾಹಾರಿಗಳು ಅಂದಿದ್ದೀರಿ. ಈ ವಯಸ್ಸಿನ ಹುಡುಗಿಗೆ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣ, 1300 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣ ಮೈಗೆ ಹತ್ತೋದು ಕಡಿಮೆ, ಆದ್ದರಿಂದ ಸೊಪ್ಪಿನ ಸಾರಿಗೆ, ಹುರುಳಿ ಉಸಲಿಗೆ ನಿಂಬೆಹಣ್ಣು ಹಿಂಡಿ. ಊಟದ ಜೊತೆಗೂ ಊಟವಾದ ಒಂದು ಗಂಟೆಯೊಳಗೂ ಟೀ ಕಾಫಿ ಬೇಡ, ಅದು ಕಬ್ಬಿಣ ಹೀರಿಕೊಳ್ಳೋದನ್ನು ತಡೆಯುತ್ತೆ. ರಾಗಿ ಮುದ್ದೆ, ರಾಗಿ ಗಂಜಿ ಕ್ಯಾಲ್ಸಿಯಂಗೆ ಬಹಳ ಒಳ್ಳೇದು. ಆದರೆ ಕಬ್ಬಿಣದ ಮಾತ್ರೆಯನ್ನು ಈ ವಾರ ಹೊಸದಾಗಿ ಶುರು ಮಾಡಬೇಡಿ: ಹತ್ತು ದಿನದಲ್ಲಿ ಉಪಯೋಗವಿಲ್ಲ, ಹೊಟ್ಟೆ ಕೆಡೋದು ಮಾತ್ರ ಗ್ಯಾರಂಟಿ. ಸೀಸನ್ ಮುಗಿದ ಮೇಲೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಕಂಡಿರುವ ಓಟಗಾರ್ತಿಯರು ಬೇಕಾದಷ್ಟು ಜನ. ಮಾತ್ರೆ ಬೇಕಾ, ಎಷ್ಟು ಅನ್ನೋದನ್ನು ಡಾಕ್ಟರ್ ಹೇಳಲಿ.

ಕಾರ್ಬ್ ಲೋಡಿಂಗ್, ಅಂದರೆ ರೇಸಿಗೆ ಮುಂಚೆ ಅನ್ನ ಪಾಸ್ತಾ ಹೆಚ್ಚಾಗಿ ತಿನ್ನಿಸೋದು, ಬೇಕಿಲ್ಲ. 5 ಕಿಲೋಮೀಟರ್ ಅಂದರೆ ಅವಳಿಗೆ 19-20 ನಿಮಿಷದ ಓಟ, ದಿನಾ ಉಣ್ಣುವ ಅನ್ನ ಸಾಕಷ್ಟಾಯ್ತು. ತೊಂದರೆ ಇರೋದು ಬೇರೆ ಕಡೆ: ಸ್ಟೇಟ್ ಮೀಟ್ ಬರೋದು ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ. ಗುರುವಾರ ನೆಂಟರ ಮನೆ ಊಟ, ಹೋಳಿಗೆ, ಬೋಂಡ, ರಾತ್ರಿ ಹನ್ನೊಂದರವರೆಗೆ ಮಾತು. ಶುಕ್ರವಾರ ಬ್ಲ್ಯಾಕ್ ಫ್ರೈಡೇ ಅಂತ ಔಟ್‌ಲೆಟ್ ಮಾಲ್‌ನಲ್ಲಿ ನಾಲ್ಕು ಗಂಟೆ ನಡೆದಾಟ. ಇವೆರಡರಲ್ಲೇ ಬಹಳ ಹುಡುಗಿಯರ ರೇಸ್ ಹೋಗುತ್ತೆ. ಗುರುವಾರ ಹಬ್ಬದೂಟ ಮಧ್ಯಾಹ್ನಕ್ಕೇ ಮುಗಿಸಿ ಒಂಬತ್ತೂವರೆಗೆ ಮಲಗಿಸಿ. ಶುಕ್ರವಾರ ರಾತ್ರಿ ಹೋಟೆಲ್ ರೂಮಿನಲ್ಲಿ ಯಾರಿಗೂ ಸರಿ ನಿದ್ದೆ ಬರೋದಿಲ್ಲ, ಹಾಗಾಗಿ ಗುರುವಾರದ ನಿದ್ದೆಯೇ ಕೈಹಿಡಿಯೋದು.

ಶುಕ್ರವಾರ ರಾತ್ರಿ ಅನ್ನ, ತಿಳಿಸಾರು, ಮೊಸರು ಸಾಕು. ಬಿಸಿಬೇಳೆ ಬಾತ್, ರಾಜ್ಮಾ, ಹಸಿ ಸಾಲಡ್, ಎಣ್ಣೆಯಲ್ಲಿ ಕರಿದದ್ದು ಯಾವುದೂ ಬೇಡ. ನಾರು ಮತ್ತು ಖಾರ ಬೆಳಿಗ್ಗೆ ಹೊಟ್ಟೆಯಲ್ಲಿ ತಿರುಗುತ್ತೆ. ತಂಡದವರ ಜೊತೆ ಪಾಸ್ತಾ ತಿಂದರೆ ಅದೂ ಸರಿ, ಕ್ರೀಮ್ ಸಾಸ್ ಬೇಡ ಅಷ್ಟೇ. ರೇಸಿನ ಬೆಳಿಗ್ಗೆ, ಸ್ಟಾರ್ಟ್ ಗನ್‌ಗೆ ಮೂರು ಗಂಟೆ ಮುಂಚೆ, ಎರಡು ಮೂರು ಇಡ್ಲಿಗೆ ಸ್ವಲ್ಪ ತುಪ್ಪ ಸಕ್ಕರೆ, ಒಂದು ಬಾಳೆಹಣ್ಣು. ಕಾಯಿಚಟ್ನಿಯ ಕೊಬ್ಬು ಬೇಗ ಅರಗೋದಿಲ್ಲ, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಆ ಮೂರು ಗಂಟೆಯ ಮೊದಲ ಒಂದು ಗಂಟೆಯಲ್ಲಿ ಅರ್ಧ ಲೀಟರ್ ನೀರು, ಆಮೇಲೆ ಬರೀ ಗುಟುಕು ಗುಟುಕು. ಇದನ್ನೆಲ್ಲ ಈ ಶನಿವಾರ ಪ್ರಾಕ್ಟೀಸಿಗೆ ಮುಂಚೆ ಒಂದು ಸಲ ತಿನ್ನಿಸಿ ನೋಡಿ. ಹೊಟ್ಟೆಗೆ ಹೊಂದದಿದ್ದರೆ ಬದಲಾಯಿಸೋಕೆ ಇನ್ನೂ ವಾರವಿರುತ್ತೆ.

ಸ್ಪೈಕ್ಸ್: ಹೊಸದು ತರಬೇಡಿ. ಹೊಸ ಶೂ ಹಿಮ್ಮಡಿ ಉಜ್ಜಿ ಗುಳ್ಳೆ ಬರಿಸುತ್ತೆ, ಮೀನಖಂಡ ಹಿಡಿಸುತ್ತೆ. ಹಳೆಯದಕ್ಕೆ ಹೊಸ ಪಿನ್ ಹಾಕಿದರೆ ಸಾಕು. ಫ್ರೆಸ್ನೋದ ವುಡ್‌ವರ್ಡ್ ಪಾರ್ಕ್‌ನಲ್ಲಿ ಹುಲ್ಲು ಮತ್ತು ಮಣ್ಣಿನ ದಾರಿ, ಒಣಗಿದ್ದರೆ ಕಾಲಿಂಚಿನ ಪಿನ್, ಮಳೆಯಾಗಿದ್ದರೆ 3/8 ಇಂಚಿನದು. ತಿರುಗಿಸೋಕೆ ಮುಂಚೆ ಹಳೇ ಟೂತ್‌ಬ್ರಷ್‌ನಿಂದ ತೂತಿನೊಳಗಿನ ಮಣ್ಣು ಪೂರ್ತಿ ತೆಗೆಯಿರಿ. ಮಣ್ಣು ಉಳಿದರೆ ಪಿನ್ ಓರೆಯಾಗಿ ಕೂತು ತೂತಿನೊಳಗಿನ ತಿರುಪಿನ ಗೆರೆ ಕೆಡುತ್ತೆ, ಆಮೇಲೆ ಆ ತೂತಿನಲ್ಲಿ ಯಾವ ಪಿನ್ನೂ ನಿಲ್ಲೋದಿಲ್ಲ. ಮೊದಲು ಬೆರಳಲ್ಲೇ ಎರಡು ಸುತ್ತು, ಸಲೀಸಾಗಿ ಹೋದ ಮೇಲೆ ಸ್ಪ್ಯಾನರ್‌ನಲ್ಲಿ ಬಿಗಿ. ಇದನ್ನು ಬುಧವಾರವೇ ಮಾಡಿ, ಸ್ಪ್ಯಾನರ್ ಮತ್ತು ನಾಲ್ಕು ಹೆಚ್ಚುವರಿ ಪಿನ್ ಬ್ಯಾಗಿನಲ್ಲಿರಲಿ. ಬ್ಯಾಗಿಗೆ ಇನ್ನೂ ಇಷ್ಟು: ಎರಡು ಜೊತೆ ಸಾಕ್ಸ್, ಎಂಟು ಸೇಫ್ಟಿ ಪಿನ್, ಹೆಚ್ಚುವರಿ ಶೂಲೇಸ್, ಸ್ಯಾನಿಟರಿ ಪ್ಯಾಡ್, ಟಾಯ್ಲೆಟ್ ಪೇಪರ್, ಎರಡು ಹೇರ್‌ಬ್ಯಾಂಡ್. ತಂಡದ ಸಿಂಗ್ಲೆಟ್ (ತೋಳಿಲ್ಲದ ಅಂಗಿ) ಮತ್ತು ಶಾರ್ಟ್ಸ್ ಕಾರಿನ ಡಿಕ್ಕಿಗೆ ಹಾಕಬೇಡಿ, ಅವಳ ಕೈಬ್ಯಾಗಿನಲ್ಲೇ ಇರಲಿ.

ಬೇ ಏರಿಯಾದಿಂದ ಮೂರು ಗಂಟೆ ದಾರಿ, ಹಬ್ಬದ ಟ್ರಾಫಿಕ್‌ನಲ್ಲಿ ಅದಕ್ಕಿಂತ ಜಾಸ್ತಿ. ಶನಿವಾರ ಬೆಳಿಗ್ಗೆ ಹೊರಡುವ ಯೋಚನೆ ಇದ್ದರೆ ಬಿಡಿ. ಫ್ರೆಸ್ನೋ ಇರುವ ಕಣಿವೆಯಲ್ಲಿ ನವೆಂಬರ್ ಕೊನೆಗೆ ಟೂಲಿ ಮಂಜು ಅನ್ನುವ ದಟ್ಟ ಮಂಜು ಬಿದ್ದರೆ ಎದುರಿನ ಕಾರೂ ಕಾಣೋದಿಲ್ಲ. ಶುಕ್ರವಾರ ತಂಡ ಕೋರ್ಸ್ ನೋಡೋಕೆ ಹೋದಾಗ ಅವಳು ಎರಡು ಕಡೆ ಗಮನವಿಡಲಿ: ಸ್ಟಾರ್ಟ್ ಆದ ಮೇಲೆ ದಾರಿ ಎಲ್ಲಿ ಕಿರಿದಾಗುತ್ತೆ, ಕೊನೆಯ 600 ಮೀಟರ್ ಹೇಗಿದೆ. ಅಲ್ಲಿ ಒಂದು ಮರವನ್ನೋ ಕಂಬವನ್ನೋ ಗುರುತು ಮಾಡಿಕೊಳ್ಳಲಿ, ಅಲ್ಲಿಂದ ಕೊನೇ ಎಳೆತ.

ರೇಸಿನ ದಿನ ಗನ್‌ನಿಂದ ಹಿಂದಕ್ಕೆ ಲೆಕ್ಕ. 60 ನಿಮಿಷ ಮುಂಚೆ ಟಾಯ್ಲೆಟ್ ಸಾಲು, ಹುಡುಗಿಯರ ಸಾಲು ಉದ್ದ ಇರುತ್ತೆ. 45 ನಿಮಿಷಕ್ಕೆ ಜಾಗಿಂಗ್, 12-15 ನಿಮಿಷ. ಆಮೇಲೆ ಡ್ರಿಲ್ಸ್. 20 ನಿಮಿಷ ಇರುವಾಗ ಸ್ಪೈಕ್ಸ್, ಲೇಸಿಗೆ ಎರಡು ಗಂಟು, ತುದಿಗಳನ್ನು ಲೇಸಿನಡಿ ಸಿಕ್ಕಿಸಬೇಕು. ಟೈಮ್ ಅಳೆಯುವ ಚಿಪ್ ಶೂಗೆ ಕಟ್ಟುವಂಥದ್ದಾದರೆ ಲೇಸ್ ಅದರೊಳಗೆ ಹಾದುಹೋಗಿರಬೇಕು. 10 ನಿಮಿಷಕ್ಕೆ ಸ್ಟಾರ್ಟ್ ಗೆರೆಯಲ್ಲಿ ತಂಡಕ್ಕೆ ಕೊಟ್ಟ ಬಾಕ್ಸ್‌ನಲ್ಲಿ, ಅಲ್ಲಿಂದ ಮೂರು ನಾಲ್ಕು ಸ್ಟ್ರೈಡ್ಸ್. ಬಾಕ್ಸ್ ಕಿರಿದು, ವೇಗದವರು ಮುಂದೆ, ಇವಳು ಎರಡನೇ ಸಾಲಿನಲ್ಲಿ ಇರಬಹುದು. ಮೊದಲ 100 ಮೀಟರ್‌ನಲ್ಲಿ ತಾಗಿ ಯಾರಾದರೂ ಬಿದ್ದರೆ ಮತ್ತೆ ಗನ್ ಹೊಡೆದು ಎಲ್ಲರನ್ನೂ ವಾಪಸ್ ಕರೆಯಬಹುದು, ಆಗ ದಿಗಿಲಾಗದೆ ಹಿಂದಿರುಗಿ ಬಂದು ನಿಂತರಾಯ್ತು.

ರೇಸ್ ಕೈತಪ್ಪೋದು ಎರಡು ಜಾಗದಲ್ಲಿ. ಮೊದಲ 800 ಮೀಟರ್‌ನಲ್ಲಿ ಸುತ್ತಲೂ ಇನ್ನೂರರ ಹತ್ತಿರ ಹುಡುಗಿಯರು ಹಾರಿದಾಗ ಇವಳೂ ಹಾರುತ್ತಾಳೆ, ಸಾಮಾನ್ಯ ವೇಗಕ್ಕಿಂತ ಹತ್ತು ಸೆಕೆಂಡ್ ಜೋರಾಗಿ ಹೋದರೆ ಕೊನೆಗೆ ಮೂವತ್ತು ಸೆಕೆಂಡ್ ದಂಡ. ಹಾಗಂತ ತೀರಾ ಹಿಂದೆ ಉಳಿದರೆ ಕಿರಿದಾದ ಕಡೆ ದಾಟೋಕೆ ದಾರಿಯೇ ಇರೋದಿಲ್ಲ. ಮೊದಲ 200 ಮೀಟರ್ ಚುರುಕಾಗಿ ಹೋಗಿ ಜಾಗ ಹಿಡಿದು, ತಂಡದ ನಾಲ್ಕನೆಯವಳ ಬೆನ್ನು ಕಾಣುವಷ್ಟು ದೂರದಲ್ಲಿ ಉಸಿರು ಸರಿಮಾಡಿಕೊಳ್ಳಬೇಕು. ಇನ್ನೊಂದು ಜಾಗ ಎರಡನೇ ಮೈಲಿ. ಅಲ್ಲಿ ಜನರೂ ಕಡಿಮೆ, ಕೂಗುವವರೂ ಕಡಿಮೆ, ಗೊತ್ತಿಲ್ಲದಂತೆ ವೇಗ ಇಳಿಯುತ್ತೆ. ಅಲ್ಲಿ ಗಡಿಯಾರ ಬಿಟ್ಟು ಮುಂದಿನ ಒಂದು ಸಿಂಗ್ಲೆಟ್ ನೋಡಿ ಹಿಡಿಯೋದು, ಆಮೇಲೆ ಅದರ ಮುಂದಿನದು.

ನೀವಿಬ್ಬರೂ ಆ ಎರಡನೇ ಮೈಲಿಯಲ್ಲೇ ನಿಲ್ಲಿ, ಫಿನಿಷ್‌ನಲ್ಲಿ ಕೂಗುವವರು ಸಾವಿರ ಜನ ಇರ್ತಾರೆ. ಹೆಸರು ಕರೆದು, ನಾಲ್ಕನೆಯವಳು ಎಷ್ಟು ಮುಂದಿದ್ದಾಳೆ ಅಂತ ಕನ್ನಡದಲ್ಲೇ ಕೂಗಿ, ಅವಳಿಗೆ ಬೇಗ ಕೇಳಿಸುತ್ತೆ. ಪಕ್ಕದಲ್ಲಿ ಜೊತೆಗೆ ಓಡಬೇಡಿ, ನೀರು ಕೊಡಬೇಡಿ. ಹೊರಗಿನವರ ನೆರವು ಅಂತ ಅವಳನ್ನೇ ಅನರ್ಹ ಮಾಡಬಹುದು, ಆಗ ತಂಡದ ಐದನೇ ಅಂಕ ಆರನೆಯವಳದ್ದಾಗುತ್ತೆ.

ಫಿನಿಷ್ ದಾಟಿ ಹೊರಗೆ ಬಂದ ಕೂಡಲೇ ಜಾಕೆಟ್ ಹೊದಿಸಿ, ಒದ್ದೆ ಸಾಕ್ಸ್ ತೆಗೆಸಿ ಚಪ್ಪಲಿ ಕೊಡಿ, ಅರ್ಧ ಗಂಟೆಯೊಳಗೆ ಚಾಕೊಲೇಟ್ ಹಾಲು ಅಥವಾ ಬಾದಾಮಿ ಹಾಲು. ಎಷ್ಟನೇ ಸ್ಥಾನ ಅಂತ ಕೇಳಬೇಡಿ, ಮೊದಲು ತಂಡದವರ ಹತ್ತಿರ ಹೋಗಲಿ. ತಂಡ ಮೇಲೆ ಬಂದರೆ ಮುಂದಿನ ಶನಿವಾರವೇ ಪೋರ್ಟ್‌ಲ್ಯಾಂಡ್‌ನಲ್ಲಿ ನೈಕಿ ಕ್ರಾಸ್ ನ್ಯಾಷನಲ್ಸ್, ಅಂದರೆ ಮೇಲೆ ಹೇಳಿದ ರಾಷ್ಟ್ರೀಯ ಮೀಟ್, ಇರಬಹುದು. ಅಲ್ಲಿ ಕೆಸರಿದ್ದರೆ ಅರ್ಧ ಇಂಚಿನ ಪಿನ್ ಬೇಕು, ಒಂದು ಪ್ಯಾಕೆಟ್ ಈಗಲೇ ತರಿಸಿಟ್ಟುಕೊಳ್ಳಿ. ಆ ವಾರ ಅಂಗಡಿಗಳಲ್ಲಿ ಖಾಲಿಯಾಗಿರುತ್ತೆ.