ರಾತ್ರಿ 2ಕ್ಕೆ ತಾಲೀಮು, ಮಧ್ಯಾಹ್ನ 2ಕ್ಕೆ ಪರೀಕ್ಷೆ

ಮೇಡಂ, ನನಗೆ 23 ವರ್ಷ. ಊರು ಬನಹಟ್ಟಿ. ಬೆಳಗಾವಿಯ ಟಿಳಕವಾಡಿಯಲ್ಲಿ ಪಿಜಿಯಲ್ಲಿದ್ದು ಸಿಎ ಇಂಟರ್ ಓದುತ್ತಿದ್ದೇನೆ. ಮೂರು ಮೂರು ಪೇಪರ್‌ಗಳ ಎರಡು ಗ್ರೂಪ್‌ನಲ್ಲಿ ಮೊದಲನೆಯದು ಪಾಸಾಗಿದೆ. ಎರಡನೇ ಗ್ರೂಪ್ ಎರಡು ಸಲ ಹೋಯಿತು. ಮೇ ತಿಂಗಳಲ್ಲಿ 300ಕ್ಕೆ 127 ಬಂತು, ಕಾಸ್ಟಿಂಗ್‌ನಲ್ಲಿ 38. ಸೆಪ್ಟೆಂಬರ್‌ನಲ್ಲಿ ಕಾಸ್ಟಿಂಗ್ 41, ಆಡಿಟ್ 52, ಎಫ್‌ಎಂ-ಎಸ್‌ಎಂ (ಫೈನಾನ್ಶಿಯಲ್ ಮತ್ತು ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್) 46. ಮತ್ತೆ ಫೇಲ್. ಮೇ ಫಲಿತಾಂಶ ಬಂದಾಗಿನಿಂದ ದಿನಕ್ಕೆ 14 ತಾಸು ಓದಲು ಕೂಡುತ್ತಿದ್ದೇನೆ. ರಾತ್ರಿ ಎರಡೂವರೆಗೆ ಮಲಗಿ ಆರಕ್ಕೆ ಏಳುತ್ತೇನೆ. ಆದರೆ ಈಗ ತಲಿ ಕೆಲಸಾನ ಮಾಡವಲ್ದು. ಹಂತ ಹಂತವಾಗಿ ತಯಾರಾಗುವ ಮಾಲಿನ ಖರ್ಚು ತೆಗೆಯುವ ಪ್ರೋಸೆಸ್ ಕಾಸ್ಟಿಂಗ್‌ನ ಒಂದೇ ಲೆಕ್ಕವನ್ನು ಆರು ಸಲ ಓದಿದರೂ ಏನು ಕೇಳಿದ್ದಾರೆ ಅಂತ ತಿಳಿಯುವುದಿಲ್ಲ. ಮೆಸ್ಸಿನ ಡಬ್ಬಿ ತೆರೆಯದೆ ವಾಪಸ್ ಹೋಗುತ್ತದೆ. ಜೊತೆಯವರು ಆಗಲೇ ಸಿಎ ಆಫೀಸ್‌ಗಳಲ್ಲಿ ಆರ್ಟಿಕಲ್‌ಶಿಪ್ ತರಬೇತಿಗೆ ಸೇರಿದ್ದಾರೆ. ಅಪ್ಪ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ನನ್ನನ್ನು ಓದಿಸುತ್ತಿದ್ದಾರೆ. ಊರಲ್ಲೆಲ್ಲ ‘ನನ್ನ ಮಗಳು ಸಿಎ’ ಅಂತ ಹೇಳಿಕೊಂಡು ಬಂದಿದ್ದಾರೆ. ಜನವರಿಗೆ ಫಾರ್ಮ್ ತುಂಬಿದ್ದೇನೆ. ಬರೆಯಲೋ, ಮೇ ತನಕ ಬಿಡಲೋ? ಬಿಟ್ಟರೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ. ಒಮ್ಮೊಮ್ಮೆ ಮುಂಜಾನೆ ಎದ್ದೇಳೋದೇ ಬ್ಯಾಡ ಅನಿಸುತ್ತದೆ. ಏನು ಮಾಡಲಿ ಹೇಳ್ರಿ.

ತಂಗಿ,

ನಿನ್ನನ್ನು ‘ನೀವು’ ಅನ್ನೋಕೆ ಬಾಯಿ ಬರುತ್ತಿಲ್ಲ. ಆಯುಷ್ಯವಿಡೀ ಕಾಮರ್ಸ್ ಪಾಠ ಮಾಡಿದವಳು ನಾನು. ನಿನ್ನ ವಯಸ್ಸಿನವರೆಲ್ಲ ಎದುರಿನ ಬೆಂಚಿನಲ್ಲಿ ಕೂತ ಹಾಗೆಯೇ ಕಾಣುತ್ತಾರೆ.

ಜನವರಿಯೋ ಮೇ ತಿಂಗಳೋ ಆಮೇಲೆ ನೋಡೋಣ. ಮೊದಲು ನಿನ್ನ ಪತ್ರದ ಕೊನೆಯ ಮಾತು. ‘ಎದ್ದೇಳೋದೇ ಬ್ಯಾಡ’ ಅನ್ನೋದಕ್ಕೆ ಎರಡು ಅರ್ಥ ಇದೆ. ಇನ್ನೊಂದು ತಾಸು ಮಲಗಿದ್ದರೆ ಚೆನ್ನಾಗಿತ್ತು ಅನ್ನೋದು ಒಂದು. ಬದುಕೇ ಸಾಕು ಅನ್ನೋದು ಇನ್ನೊಂದು. ಯಾವುದು ಅಂತ ನಿನಗೆ ಮಾತ್ರ ಗೊತ್ತು. ಎರಡನೆಯದಾಗಿದ್ದರೆ ಈ ಪತ್ರ ಓದಿ ಮುಗಿಸೋ ತನಕವೂ ಕಾಯಬೇಡ, 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ರೂಮಿನ ಹುಡುಗಿಗೂ ಹೇಳು, ಒಬ್ಬಳೇ ಇರಬೇಡ. ಬರೀ ದಣಿವು ಅಂತ ನಿನಗೆ ಅನಿಸಿದರೂ, ಎರಡು ವಾರ ದಾಟಿ ಹೀಗೇ ಇದ್ದು ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಬೆಳಗಾವಿಗೆ ದೂರವೇನಲ್ಲ. ‘ಧಾರವಾಡಕ್ಕ ಕಳಸಬೇಕು ನಿನ್ನ’ ಅಂತ ನಮ್ಮ ಕಡೆಯವರೆಲ್ಲ ಚೇಷ್ಟೆ ಮಾಡಿಯೇ ಬೆಳೆದವರು. ನಾನೂ ಮಾಡಿದ್ದೇನೆ. ಈಗ ನಾಚಿಕೆ ಆಗುತ್ತದೆ.

ಇನ್ನು ತಲೆ ಕೆಲಸ ಮಾಡದ ವಿಷಯ. ನಿನ್ನ ಕಡೆಯ ಹುಡುಗರು ಇದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಸರಿಯಾಗಿ ಬಿಡಿಸಿ ಹೇಳಿತು. ಅದು ಹೇಳಿದ್ದು ನೌಕರಿ ಮಾಡುವವರ ಬಗ್ಗೆ, ಇದು ರೋಗ ಅಂತಲೂ ಅದು ಅನ್ನಲಿಲ್ಲ. ಆದರೆ ಅದು ಕೊಟ್ಟ ಗುರುತುಗಳನ್ನು ನೋಡು: ಮೈಮನಸ್ಸು ಬತ್ತಿ ಹೋಗೋದು, ಮಾಡೋ ಕೆಲಸದ ಮೇಲೇ ಜಿಗುಪ್ಸೆ ಬರೋದು, ಎಷ್ಟು ಮಾಡಿದರೂ ಕೈಗೆ ಹತ್ತದಿರೋದು. ಆರು ಸಲ ಓದಿದರೂ ಲೆಕ್ಕ ತಿಳಿಯದಿರೋದು ನಿನ್ನ ಬುದ್ಧಿಯ ಕೊರತೆ ಅಲ್ಲ. ಮೂರೂವರೆ ತಾಸು ಮಲಗಿ ಎದ್ದವರಿಗೆ ಆರನೇ ಸಲ ಏನು, ಹದಿನಾರನೇ ಸಲವೂ ತಿಳಿಯುವುದಿಲ್ಲ.

ಒಂದು ಮಾತು ಹೇಳಲಾ? ನೀನು ಅಕೌಂಟ್ಸ್ ಓದುವವಳು, ಆದರೆ ನಿನ್ನ ಲೆಕ್ಕ ನೀನೇ ತೆಗೆದಿಲ್ಲ. ನಿನ್ನ ಪತ್ರದ ಅಂಚಿನಲ್ಲಿ ನಾನೇ ಪೆನ್ಸಿಲ್‌ನಲ್ಲಿ ಕೂಡಿಸಿ ನೋಡಿದೆ. 41, 52, 46. ಒಟ್ಟು 139. ಪಾಸಾಗಲು ಪ್ರತಿ ಪೇಪರ್‌ನಲ್ಲಿ 40 ಬೇಕು, ಗ್ರೂಪ್‌ಗೆ ಒಟ್ಟು 150 ಬೇಕು. ನಿನ್ನ ಮೂರೂ ಪೇಪರ್ 40 ದಾಟಿವೆ. ಕಡಿಮೆ ಬಿದ್ದದ್ದು 11. ಪೇಪರ್‌ಗೆ ನಾಲ್ಕು ಅಂಕವೂ ಅಲ್ಲ. ಮೇ ತಿಂಗಳಿಗಿಂತ 12 ಜಾಸ್ತಿ ಬಂದಿದೆ, ಅದನ್ನು ನೀನು ಒಂದು ಕಡೆಯೂ ಬರೆದಿಲ್ಲ. ಪ್ರತಿ ಪೇಪರ್‌ನಲ್ಲಿ 30 ಅಂಕ ಬಹು ಆಯ್ಕೆ ಪ್ರಶ್ನೆಗಳಿಗೆ, ಇಂಟರ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಮೂರು ಪೇಪರ್ ಸೇರಿ ಎರಡು ಅಂಕದ ಆರು ಪ್ರಶ್ನೆ ಸರಿ ಹೋಗಿದ್ದರೆ ನೀನು ಇವತ್ತು ಆರ್ಟಿಕಲ್‌ಶಿಪ್‌ಗೆ ಆಫೀಸ್ ಹುಡುಕುತ್ತಾ ಇರುತ್ತಿದ್ದೆ. ಇಷ್ಟಕ್ಕೆ 14 ತಾಸು ಬೇಕಾ? ಏನೂ ಬಾರದವಳ ಹಾಗೆ ಮೊದಲ ಪುಟದಿಂದ ಮತ್ತೆ ಶುರು ಮಾಡಿದ್ದೀಯ. ನಿನಗೆ ಬೇಕಿರೋದು ಆ 11 ಎಲ್ಲಿ ಹೋಯಿತು ಅಂತ ಹುಡುಕೋದು.

ಹುಡುಕೋಕೆ ದಾರಿ ಇದೆ. ಫಲಿತಾಂಶ ಬಂದು ಒಂದು ತಿಂಗಳೊಳಗೆ ಅರ್ಜಿ ಹಾಕಿದರೆ ಸಿಎ ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆ ನಿನ್ನ ಉತ್ತರ ಪತ್ರಿಕೆಯ ನಕಲು ಕೊಡುತ್ತದೆ. ಕಾಸ್ಟಿಂಗ್‌ಗೆ ಇವತ್ತೇ ಹಾಕು. ಅದು ಬಂದ ಮೇಲೆ ಐಸಿಎಐ ಹಾಕಿರೋ ಮಾದರಿ ಉತ್ತರದ ಪಕ್ಕ ಇಟ್ಟು ನೋಡು. ನನ್ನ ಅಂದಾಜು ಹೇಳಲಾ? ಬಾರದ ಲೆಕ್ಕಗಳಿಗಿಂತ ಬಂದರೂ ಅರ್ಧಕ್ಕೆ ಬಿಟ್ಟ ಲೆಕ್ಕಗಳೇ ಜಾಸ್ತಿ ಸಿಗುತ್ತವೆ. ಲೆಕ್ಕದ ಹಂತ ತೋರಿಸುವ ವರ್ಕಿಂಗ್ ನೋಟ್ ಬರೆಯದೆ ನೇರ ಉತ್ತರ ಬರೆದದ್ದೂ ಸಿಗುತ್ತದೆ.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಒಂದು ಕಾಲಕ್ಕೆ ಸಿಎ ಮಾಡಲು ಹೊರಟವಳು. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಕೂತು ಓದುತ್ತಿದ್ದೆ. ಪಕ್ಕದಲ್ಲಿ ಒಂದು ಫ್ಲಾಸ್ಕ್ ಕಡಕ್ ಚಹಾ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣೇ ಮುಚ್ಚಿರಲಿಲ್ಲ. ಮರುದಿನ ಹಾಲ್‌ನಲ್ಲಿ ಮೂರನೇ ಪ್ರಶ್ನೆ ಬಿಡಿಸಿದೆ, ನಾಲ್ಕನೆಯದಕ್ಕೆ ಹೋದೆ, ಅಂಕಿ ಅಂಶವೆಲ್ಲ ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸಿತು. ಖುಷಿಯಿಂದಲೇ ಎರಡು ಪುಟ ತುಂಬಿಸಿದೆ. ನೋಡಿದರೆ ಮತ್ತೆ ಮೂರನೇ ಪ್ರಶ್ನೆಯನ್ನೇ ಬಿಡಿಸಿದ್ದೆ! ಬೆಲ್ ಹೊಡೆಯಲು ಹತ್ತು ನಿಮಿಷ ಇತ್ತು. ಆ ಸಲ ಫೇಲ್. ಆಮೇಲೆ ಮತ್ತೆ ಕೂಡಲಿಲ್ಲ. ಬೇಸರ ಇದೆಯಾ ಅಂತ ಕೇಳಿದರೆ, ಇದೆ. ಜಾಸ್ತಿ ಅಲ್ಲ, ಆದರೆ ಇದೆ. ಓದು ಬಾರದೆ ಬಿಟ್ಟಿದ್ದರೆ ಇರುತ್ತಿರಲಿಲ್ಲವೇನೋ. ನಿದ್ದೆಗೆಟ್ಟು ಬಿಟ್ಟದ್ದಕ್ಕೆ ಇದೆ.

ನಿನ್ನ ಪರೀಕ್ಷೆ ಇರೋದು ಮಧ್ಯಾಹ್ನ 2ರಿಂದ 5ರವರೆಗೆ. ನೀನು ತಾಲೀಮು ಮಾಡುತ್ತಿರೋದು ರಾತ್ರಿ 2ಕ್ಕೆ. ಕುಸ್ತಿ ಆಡೋರು ಯಾರಾದರೂ ಹೀಗೆ ಮಾಡುತ್ತಾರಾ? ಮಧ್ಯಾಹ್ನ ಆ ಹೊತ್ತಿಗೆ ನೀನು ಪುಸ್ತಕದ ಮೇಲೆ ತಲೆಯಿಟ್ಟು ತೂಕಡಿಸುತ್ತಿರುತ್ತೀಯ, ಇಲ್ಲವೇ ಫೋನ್‌ನಲ್ಲಿ ಎರಡು ಪಟ್ಟು ವೇಗದಲ್ಲಿ ಕ್ಲಾಸ್ ನೋಡುತ್ತಿರುತ್ತೀಯ. ಅದನ್ನೂ 14 ತಾಸಿನಲ್ಲಿ ಸೇರಿಸಿದ್ದೀಯ ಅಂತ ನನಗೆ ಗುಮಾನಿ. ಪೆನ್ ಹಿಡಿದು, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ಲೆಕ್ಕ ಬಿಡಿಸಿದ್ದು ಆ 14ರಲ್ಲಿ ಎಷ್ಟು ತಾಸು? ಎರಡಿದ್ದರೆ ದೊಡ್ಡದು. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂಡೋದು ನಿದ್ದೆಯಲ್ಲಿ. ನೀನು ಅದಕ್ಕೇ ಕತ್ತರಿ ಹಾಕಿದ್ದೀಯ.

ನೀನು ಸಿಕ್ಕಿಹಾಕಿಕೊಂಡಿರೋ ಪ್ರೋಸೆಸ್ ಕಾಸ್ಟಿಂಗ್‌ನಲ್ಲೇ ಇದಕ್ಕೆ ಉತ್ತರ ಇದೆ. ನಿಮ್ಮ ಅಪ್ಪನನ್ನು ಕೇಳು. ಕಂಡಿಕೆ ಸುತ್ತುವಾಗ, ಹಾಸು ಕೂಡಿಸುವಾಗ ಒಂದಿಷ್ಟು ನೂಲು ವೇಸ್ಟ್ ಹೋಗೇ ಹೋಗುತ್ತದೆ. ಅದಕ್ಕೆ ಅವರು ಯಾವತ್ತಾದರೂ ಅತ್ತಿದ್ದಾರಾ? ಸೀರೆಯ ರೇಟ್‌ನಲ್ಲೇ ಅದು ಸೇರಿರುತ್ತದೆ. ನಿನ್ನ ಪುಸ್ತಕ ಅದಕ್ಕೆ ನಾರ್ಮಲ್ ಲಾಸ್ ಅನ್ನುತ್ತದೆ, ಒಳ್ಳೆಯ ಮಾಲಿನ ಮೇಲೇ ಆ ಖರ್ಚು ಹಂಚುತ್ತದೆ. ಏಳು ತಾಸು ನಿದ್ದೆ, ಎರಡು ಹೊತ್ತು ಬಿಸಿ ಊಟ, ಸಂಜೆ ಒಂದು ಸುತ್ತು, ಇವೆಲ್ಲ ಆ ಲೆಕ್ಕದ್ದು. ಅದನ್ನು ಉಳಿಸಲು ಹೋಗಿ ನೀನು ದಿನಾ ಅಬ್ನಾರ್ಮಲ್ ಲಾಸ್, ಅಂದರೆ ಆಗಬಾರದ ನಷ್ಟ, ಮಾಡಿಕೊಳ್ಳುತ್ತಿದ್ದೀಯ. ಎಳೆ ಹರಿದರೆ ಅಪ್ಪ ಏನು ಮಾಡುತ್ತಾರೆ ಅದನ್ನೂ ನೆನಪು ಮಾಡಿಕೋ. ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾರೆ. ನಡೀಲಿ ಬಿಡು ಅಂತ ಓಡಿಸಿದರೆ ಮೊಳಗಟ್ಟಲೆ ಬಟ್ಟೆ ಹಾಳು.

ಆದ್ದರಿಂದ ನನ್ನ ಮಾತು ಇಷ್ಟು. ಜನವರಿಯನ್ನು ಈಗಲೇ ಬಿಡಬೇಡ, ಈಗಲೇ ಓದಲೂ ಬೇಡ. ಹತ್ತು ದಿನ ಊರಿಗೆ ಹೋಗು. ಪುಸ್ತಕ ಒಯ್ಯಬೇಡ, ಒಂದನ್ನೂ. ‘ಸುಮ್ನೆ ಇರಲಿ’ ಅಂತ ಒಂದು ಚೀಲದಲ್ಲಿ ಇಟ್ಟುಕೊಂಡರೆ ಅದು ದಿನಾ ನಿನ್ನನ್ನು ದಿಟ್ಟಿಸುತ್ತದೆ. ಸ್ಟಡಿ ಗ್ರೂಪ್‌ನ ವಾಟ್ಸಾಪ್ ಬಂದ್ ಮಾಡು. ಯಾರು ಎಷ್ಟು ತಾಸು ಓದಿದರು ಅಂತ ಅಲ್ಲಿ ಹಾಕುತ್ತಾರಲ್ಲ, ಅದರಲ್ಲಿ ಅರ್ಧ ಸುಳ್ಳು. ಮೊದಲ ಮೂರು ದಿನ ಬರೀ ನಿದ್ದೆ ಬರುತ್ತದೆ, ಮಲಗು. ನಾಲ್ಕನೇ ದಿನ ‘ನಾನು ಟೈಮ್ ವೇಸ್ಟ್ ಮಾಡ್ತಿದ್ದೀನಿ’ ಅಂತ ಕಸಿವಿಸಿ ಶುರುವಾಗುತ್ತದೆ. ಆಗ ಓಡಿ ಬರಬೇಡ.

ಹನ್ನೊಂದನೇ ದಿನ ಬೆಳಗಾವಿಗೆ ಬಾ. ಐಸಿಎಐ ವೆಬ್‌ಸೈಟ್‌ನಲ್ಲಿ ಮಾಕ್ ಟೆಸ್ಟ್ ಪೇಪರ್ ಪುಕ್ಕಟೆ ಸಿಗುತ್ತವೆ. ಕಾಸ್ಟಿಂಗ್‌ದು ಒಂದು ಪ್ರಿಂಟ್ ತೆಗೆಸಿ, ಮಧ್ಯಾಹ್ನ 2ಕ್ಕೆ ಕೂತು 5ಕ್ಕೆ ಪೆನ್ ಇಡು. ನಡುವೆ ಏಳಬೇಡ. ತಯಾರಿ ಇಲ್ಲದೆ 40ರ ಆಸುಪಾಸು ಬಂದು, ಆ ರಾತ್ರಿ ನಿದ್ದೆಯೂ ಬಂದರೆ ಜನವರಿಗೆ ಬರಿ. ಪೇಪರ್ ನೋಡಿದ ಕೂಡಲೇ ಕೈ ನಡುಗಿದರೆ, ಎದೆ ಹೊಡೆದುಕೊಂಡರೆ, ಮೇ ತಿಂಗಳಿಗೆ ಇಡು. ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಇದೆ: ಜನವರಿ, ಮೇ, ಸೆಪ್ಟೆಂಬರ್. ಹೋದರೆ ನಾಲ್ಕು ತಿಂಗಳು ಮತ್ತು ಒಂದು ಫೀ. ನಮ್ಮ ಕಾಲದಲ್ಲಿ ಒಂದು ಸಲ ತಪ್ಪಿದರೆ ಆರು ತಿಂಗಳು ಕಾಯಬೇಕಿತ್ತು.

ಬಂದ ಮೇಲೆ ದಿನಕ್ಕೆ ಎಂಟು ತಾಸು ಸಾಕು. ಅದರಲ್ಲಿ 2ರಿಂದ 5 ಬರೆಯೋಕೆ ಮೀಸಲು, ದಿನಾ. ಮುಂಜಾನೆ ವ್ಯಾಕ್ಸಿನ್ ಡಿಪೋದಲ್ಲಿ ಒಂದು ಸುತ್ತು ಹಾಕು, ಟಿಳಕವಾಡಿಯಲ್ಲಿದ್ದೂ ಆ ಮರಗಳ ಕೆಳಗೆ ನಡೆಯದಿದ್ದರೆ ಹೇಗೆ? ಫೋನ್ ರೂಮ್‌ನಲ್ಲೇ ಬಿಟ್ಟು ಹೋಗು. ಸಂಜೆ ಐದರ ಮೇಲೆ ಚಹಾ ಬೇಡ, ಕುಡಿದ ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ತಾಸು ಹಿಡಿಯುತ್ತದೆ. ಆಡಿಟ್‌ನ ಸ್ಟ್ಯಾಂಡರ್ಡ್‌ಗಳನ್ನು, ಅಂದರೆ ಅದರ ನಿಯಮಗಳನ್ನು, ಒಂದೇ ರಾತ್ರಿ ಉರು ಹೊಡೆಯಬೇಡ, ಇವತ್ತು ಎರಡು, ನಾಡಿದ್ದು ಅವೇ ಎರಡು ಪುಸ್ತಕ ನೋಡದೆ, ಮುಂದಿನ ವಾರ ಮತ್ತೊಮ್ಮೆ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಅಂತ ಅಳೆದು 1885ರಲ್ಲಿ ಪುಸ್ತಕ ಬರೆದ. ಬಿಟ್ಟು ಬಿಟ್ಟು ಓದಿದ್ದೇ ಜಾಸ್ತಿ ಉಳಿಯುತ್ತದೆ ಅಂತ ಅವನಿಗೆ ಅವತ್ತೇ ಗೊತ್ತಾಗಿತ್ತು. ಭಾನುವಾರ ಮಧ್ಯಾಹ್ನದ ಮೇಲೆ ಪುಸ್ತಕ ಮುಟ್ಟಬೇಡ.

ಉಳಿದದ್ದು ಅಪ್ಪ. ನೀನು ಹೆದರುತ್ತಿರೋದು ಪರೀಕ್ಷೆಗಿಂತ ಅವರಿಗೇ ಜಾಸ್ತಿ ಅನಿಸಿತು. ಅಲ್ವಾ? ಅವರು ನಿನ್ನ ಮೇಲೆ ಸಿಟ್ಟಾದರು ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಊರಲ್ಲಿ ಹೇಳಿಕೊಂಡಿದ್ದಾರೆ ಅಂತ ಮಾತ್ರ ಇದೆ. ಫೋನ್‌ನಲ್ಲಿ ಹೇಳಬೇಡ. ಊರಿಗೆ ಹೋದ ಮೇಲೆ ರಾತ್ರಿ ಮಗ್ಗ ಬಂದ್ ಆಗಿ ಅವರು ಕೈಕಾಲು ತೊಳೆದುಕೊಂಡು ಕೂತಾಗ, ಮಾರ್ಕ್ಸ್ ಬರೆದ ಹಾಳೆ ಮುಂದೆ ಇಟ್ಟು ಹೇಳು: ‘ಅಪ್ಪಾ, ಹನ್ನೊಂದು ಮಾರ್ಕ್ಸ್ ಕಮ್ಮಿ ಬಿದ್ದಾವ. ನನಗ ಭಾಳ ದಣಿವಾಗೇತಿ. ಹತ್ತು ದಿನ ಇಲ್ಲೇ ಇರ್ತೀನಿ.’ ಅಷ್ಟು ಸಾಕು. ಮದುವೆ ಮಾತು ಬಂದರೆ ಒಂದೇ ಗಡುವು ಕೊಡು, ಸೆಪ್ಟೆಂಬರ್ ಪರೀಕ್ಷೆ ಮುಗಿಯೋ ತನಕ ಯಾರೂ ನೋಡೋಕೆ ಬರಬಾರದು ಅಂತ. ಅವ್ವನ ಮುಂದೆ ಹೇಳು, ಆಮೇಲೆ ಅಪ್ಪ ಮರೆತರೂ ಅವ್ವ ಮರೆಯುವುದಿಲ್ಲ.

ಹೊರಡುವ ಮುಂಚೆ ಮೆಸ್ಸಿನವರಿಗೆ ಹತ್ತು ದಿನ ಡಬ್ಬಿ ಬೇಡ ಅಂತ ಹೇಳಿ ಹೋಗು. ಆ ದುಡ್ಡು ತಿಂಗಳ ಬಿಲ್‌ನಲ್ಲಿ ಕಡಿಮೆ ಆಗಬೇಕು. ಅರ್ಧ ಕಿಲೋ ಕುಂದಾ ಬರುತ್ತದೆ ಅದರಲ್ಲಿ, ಮನೆಗೆ ಒಯ್ಯಿ.