1-1-1 ಎಂದು ಬರೆದ ಚೀಟಿ

ಪ್ರೀತಿಯ ತಂಗಿಗೆ,

ಗಂಡನ ಕೆಲಸದ ವೀಸಾದ ಮೇಲೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದು ಎರಡು ತಿಂಗಳಾಗಿರುವ ನೀನು ಪತ್ರದಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಿದ್ದೀಯ. ಇಲ್ಲಿನ ಚಳಿ, ಊಟ, ಬಾಡಿಗೆ ಹೇಗೆ. ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುವ ಕೆಲಸಕ್ಕೆ ಸೇರಬಹುದೇ. ಕೊಡಗಿನ ಸಿದ್ದಾಪುರದ ಬಳಿಯ ತೋಟದ ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿರುವ ನಿನ್ನ ಅಪ್ಪನನ್ನು ಇಲ್ಲಿಗೆ ಕರೆಸಿಕೊಳ್ಳಬಹುದೇ. ಆಗದಿದ್ದರೆ ಇಷ್ಟು ದೂರದಿಂದ ಅವರನ್ನು ನೋಡಿಕೊಳ್ಳುವುದು ಹೇಗೆ. ನನ್ನನ್ನು ಅಕ್ಕ ಎಂದು ಕರೆದಿರುವುದರಿಂದ ನಾನೂ ನೀನು ಎಂದೇ ಬರೆಯುತ್ತಿದ್ದೇನೆ.

ಮೊದಲನೆಯದಕ್ಕೆ ಹೆಚ್ಚು ಬರೆಯುವುದಿಲ್ಲ. ಮಡಿಕೇರಿಯ ಜುಲೈ ಕಂಡವಳಿಗೆ ಇಲ್ಲಿನ ಮಳೆ ಮಳೆಯೇ ಅಲ್ಲ. ಚಳಿಗೆ ಒಳ್ಳೆಯ ಕೋಟು, ಬೂಟು ಸಾಕು. ಊಟಕ್ಕೆ ಎಲ್ಲವೂ ಸಿಗುತ್ತದೆ, ನಮ್ಮ ಅಡುಗೆಯ ಕಪ್ಪು ಹುಳಿ ಕಾಚಂಪುಳಿಯನ್ನು ಮಾತ್ರ ಊರಿನಿಂದ ಬರುವವರೇ ತರಬೇಕು. ಬಾಡಿಗೆಯ ಲೆಕ್ಕ ನಿನ್ನ ಗಂಡನಿಗೆ ನನಗಿಂತ ಚೆನ್ನಾಗಿ ತಿಳಿದಿರುತ್ತದೆ.

ಕೆಲಸಕ್ಕೆ ಸೇರು. ಹೊರದೇಶಗಳಿಂದ ಆರೈಕೆ ಕೆಲಸಗಾರರನ್ನು ಹೊಸದಾಗಿ ಕರೆಸಿಕೊಳ್ಳುವುದನ್ನು ಈ ಸರ್ಕಾರ 2025ರ ಜುಲೈಯಲ್ಲಿ ನಿಲ್ಲಿಸಿತಾದರೂ ನಿನ್ನಂತೆ ಸಂಗಾತಿಯ ವೀಸಾದ ಮೇಲೆ ಬಂದವರು ದುಡಿಯುವುದಕ್ಕೆ ಅಡ್ಡಿಯಿಲ್ಲ. ಆದರೆ ಸೇರುವ ಮೊದಲೇ ಒಂದು ಮಾತನ್ನು ಕೇಳಿಕೋ: ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಸಮಯಕ್ಕೆ ಸಂಬಳ ಲೆಕ್ಕ ಹಾಕುತ್ತಾರೆಯೇ ಎಂದು. ಕನಿಷ್ಠ ವೇತನದ ಕಾನೂನಿನ ಪ್ರಕಾರ ಆ ಸಮಯವೂ ದುಡಿಮೆಯ ಸಮಯವೇ. ನಾನು ಮೊದಲು ದುಡಿದ ಏಜೆನ್ಸಿಯವರು ಅದನ್ನು ಹೇಳಲೂ ಇಲ್ಲ, ಕೊಡಲೂ ಇಲ್ಲ. ಎರಡು ವರ್ಷ ಕೇಳುವುದಕ್ಕೆ ನಾನು ಸಂಕೋಚಪಟ್ಟೆ. ಊರಿನ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನೆಲೆಸಿದ ಮೊದಲ 12 ತಿಂಗಳು ಮಾತ್ರ ನಡೆಯುತ್ತದೆ, ಆದ್ದರಿಂದ ಇಲ್ಲಿನ ಪರೀಕ್ಷೆಗೆ ಈಗಲೇ ಹೆಸರು ಕೊಡು.

ಅಪ್ಪನನ್ನು ಕರೆಸಿಕೊಳ್ಳುವ ವಿಚಾರದಲ್ಲಿ ಸುಳ್ಳು ಆಸೆ ಹುಟ್ಟಿಸಲಾರೆ. 2012ರ ಜುಲೈಯಿಂದ ಇರುವ ನಿಯಮದಂತೆ, ವಯಸ್ಸಾದ ತಂದೆತಾಯಿಯನ್ನು ಶಾಶ್ವತವಾಗಿ ಕರೆತರಬೇಕಾದರೆ ಮಕ್ಕಳು ಇಲ್ಲಿನ ಪ್ರಜೆಗಳೋ ಖಾಯಂ ನಿವಾಸಿಗಳೋ ಆಗಿರಬೇಕು. ಸಾಲದ್ದಕ್ಕೆ, ನಾವು ಎಷ್ಟು ಹಣ ಕಳುಹಿಸಿದರೂ ಊರಿನಲ್ಲಿ ಅವರಿಗೆ ಬೇಕಾದ ಆರೈಕೆ ಸಿಗುವುದೇ ಇಲ್ಲ ಎಂದು ತೋರಿಸಿಕೊಡಬೇಕು. ಹೋಂ ನರ್ಸ್ ಸಿಗುವ ಜಿಲ್ಲೆಯವರಾದ ನಾವು ಇದನ್ನು ತೋರಿಸುವುದು ಬಹಳ ಕಷ್ಟ. ಇನ್ನೊಂದು ವಿಷಯ. ಇಲ್ಲಿ ಆಸ್ಪತ್ರೆ ಉಚಿತವೆಂದು ನಮ್ಮವರೆಲ್ಲ ಹೇಳುತ್ತಾರೆ (ನೀವಿಬ್ಬರೂ ತಲೆಗೆ ವರ್ಷಕ್ಕೆ 1,035 ಪೌಂಡಿನಂತೆ ಆರೋಗ್ಯ ಶುಲ್ಕ ಕಟ್ಟಿ ಬಂದಿದ್ದೀರಿ ಎಂಬುದನ್ನು ಅವರು ಮರೆಯುತ್ತಾರೆ), ಆದರೆ ಮನೆಗೆ ಬಂದು ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ, ಉಣ್ಣಿಸುವ ಸೇವೆ ಬೇರೆ ಲೆಕ್ಕ. ಅದು ಸ್ಥಳೀಯ ಕೌನ್ಸಿಲಿನದು. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದವರು ಸಾಮಾನ್ಯವಾಗಿ ಅದರ ಖರ್ಚನ್ನು ತಾವೇ ಭರಿಸುತ್ತಾರೆ. ಇಲ್ಲಿನ ಮುದುಕರೂ ಆ ಲೆಕ್ಕ ಕೇಳಿ ನಿದ್ದೆಗೆಡುವುದನ್ನು ನಾನು ಕಂಡಿದ್ದೇನೆ.

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಾಗ ನನ್ನ ಮೊದಲ ದಿನಗಳು ನೆನಪಾದವು. 2004ರಲ್ಲಿ ಬಂದಾಗ ನನ್ನ ಕೈಯಲ್ಲಿ ಇದ್ದದ್ದು ಬಿ.ಕಾಂ. ಪದವಿ, ಕಲಿತದ್ದು ಈ ಕೆಲಸ. ಮೊದಲು ಹೋದ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಪುಟ್ಟ ಕಬ್ಬಿಣದ ಪೆಟ್ಟಿಗೆಯಿತ್ತು. ನಾಲ್ಕು ಅಂಕಿ ಒತ್ತಿದರೆ ಅದರೊಳಗೆ ಬೀಗದ ಕೈ. ಅಂಗಳದಲ್ಲಿ ನಾಯಿ ಬೊಗಳಿ, ಒಳಗಿನವರು ಹೊರಬಂದು, ಕಾಫಿ ಕುಡಿಯಿರಿ ಎಂದ ಮೇಲಷ್ಟೇ ಜಗಲಿ ಹತ್ತಿ ರೂಢಿಯಿದ್ದ ನಾನು ಪರರ ಮನೆಯ ಬಾಗಿಲನ್ನು ಕಳ್ಳಿಯಂತೆ ತೆರೆದು ಒಳಗೆ ಹೋದೆ. ಮೈ ಬಿಗಿದು ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯ ಮುದುಕರೊಬ್ಬರು ಒಬ್ಬರೇ ಕುರ್ಚಿಯಲ್ಲಿ ಕುಳಿತಿದ್ದರು. ಮಗಳು ನಲವತ್ತು ನಿಮಿಷದ ದಾರಿಯಲ್ಲಿದ್ದಳು, ಬರುತ್ತಿದ್ದದ್ದು ಭಾನುವಾರ ಮಾತ್ರ. ಎಂಥ ಮಕ್ಕಳಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಊರಿಗೆ ಫೋನ್ ಮಾಡಿದಾಗಲೂ ಅದನ್ನೇ ಹೇಳಿ, ನಮ್ಮಲ್ಲಿ ಹೀಗಿಲ್ಲ ಎಂದು ಹೆಮ್ಮೆಪಟ್ಟೆ.

ಆ ಮನೆಯ ಅಡುಗೆ ಕಟ್ಟೆಯ ಮೇಲೆ ಒಂದು ನೀಲಿ ಫೈಲು ಇರುತ್ತಿತ್ತು. ಮಾತ್ರೆ 8 ಗಂಟೆಗೆ, 12ಕ್ಕೆ, 4ಕ್ಕೆ, ರಾತ್ರಿ 8ಕ್ಕೆ. ಕೊಟ್ಟವರು ಗಂಟೆ ಬರೆದು ಸಹಿ ಹಾಕಬೇಕು. ಎಷ್ಟು ಕುಡಿದರು, ಮೂತ್ರ ಹೋಯಿತೇ, ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ಎಂಬುದೆಲ್ಲ ಅದರಲ್ಲೇ. ಒಂದು ದಿನ ಮಾತ್ರೆಯನ್ನು ಮುಕ್ಕಾಲು ಗಂಟೆ ತಡವಾಗಿ ಕೊಟ್ಟು ನಿಜವಾದ ಗಂಟೆಯನ್ನೇ ಬರೆದಿದ್ದೆ. ಭಾನುವಾರ ಬಂದ ಮಗಳು ಎಂಟು ದಿನದ ಸಾಲುಗಳನ್ನೂ ಬೆರಳಿಟ್ಟು ಓದಿ, ಆ ಒಂದು ಸಾಲಿನ ಬಳಿ ನಿಲ್ಲಿಸಿ, ಅಂದು ಅಪ್ಪನಿಗೆ ಊಟ ನುಂಗಲು ಆಯಿತೇ ಎಂದು ನನ್ನನ್ನು ಕೇಳಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

2011ರಲ್ಲಿ ನನ್ನ ಅವ್ವನಿಗೂ ಅದೇ ಕಾಯಿಲೆ ಎಂದು ಮೈಸೂರಿನ ವೈದ್ಯರು ಹೇಳಿದರು. ನಾನು ಹಣ ಕಳುಹಿಸಿದೆ, ಅಣ್ಣ ಹೊರಜಿಲ್ಲೆಯಿಂದ ಹೋಂ ನರ್ಸ್ ಒಬ್ಬಳನ್ನು ಕರೆಸಿದ. ಪ್ರತಿ ಭಾನುವಾರ ಫೋನ್ ಮಾಡಿದಾಗ, ಅವ್ವ ಹೇಗಿದ್ದಾರೆ ಎಂದು ಕೇಳುತ್ತಿದ್ದೆ, ಚೆನ್ನಾಗಿದ್ದಾರೆ ಎನ್ನುತ್ತಿದ್ದರು. ದೂರದಲ್ಲಿರುವ ಹೆಣ್ಣುಮಗಳಿಗೆ ಯಾರು ಬೇರೆ ಏನು ಹೇಳುತ್ತಾರೆ, ನಿನಗೇ ಗೊತ್ತು. ಮರುವರ್ಷ, ನಡೆಯಲು ಆಗುತ್ತಿಲ್ಲ ಎಂದರು. ನಾನು ಎರಡನೆಯ ಪ್ರಶ್ನೆ ಕೇಳದೆ ಗಾಲಿಕುರ್ಚಿಗೆ ಹಣ ಕಳುಹಿಸಿದೆ. ಒಳ್ಳೆಯ ಕುರ್ಚಿ, ನೆಂಟರೆಲ್ಲ ಬಂದು ನೋಡಿ ಹೊಗಳಿದರಂತೆ.

2014ರ ಡಿಸೆಂಬರಿನಲ್ಲಿ ಊರಿಗೆ ಹೋದೆ. ಕಾಫಿ ಕೊಯ್ಲಿನ ಕಾಲ, ಮನೆಯವರೆಲ್ಲ ಕಣದಲ್ಲಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಅವ್ವ ಜಗಲಿಯಲ್ಲಿ ಆ ಕುರ್ಚಿಯಲ್ಲಿ ಮರದ ಹಾಗೆ ಕುಳಿತಿದ್ದರು; ರೆಪ್ಪೆ ಮಿಟುಕಿಸುವುದೂ ಅಪರೂಪವಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ಸ್ಟೀಲ್ ಬಟ್ಟಲು, ಅದರ ಮೇಲೆ ಮುಚ್ಚಿದ ತಟ್ಟೆ. ತೆರೆದು ನೋಡಿದರೆ ಬೆಳಗಿನ ಮಾತ್ರೆ. ಖಾಲಿ ಹೊಟ್ಟೆಗೆ ಮಾತ್ರೆ ಕೊಡಬಾರದಲ್ಲ ಅಕ್ಕಾ, ತಿಂಡಿ ಆಗಲಿ ಎಂದು ಕಾಯುತ್ತಿದ್ದೇನೆ ಎಂದಳು ಆ ಹುಡುಗಿ. ಕೊಯ್ಲಿನ ದಿನಗಳಲ್ಲಿ ತಿಂಡಿ ಕೆಲವೊಮ್ಮೆ ಹತ್ತು ಗಂಟೆಗೆ. ಶಕ್ತಿ ಬರಲಿ ಎಂದು ತಿಂಡಿಯ ಜೊತೆ ಎರಡು ಮೊಟ್ಟೆ, ಮಧ್ಯಾಹ್ನ ಮಾಂಸ, ಅದರ ಹಿಂದೆಯೇ ಮಾತ್ರೆ. ಲೆವೊಡೋಪಾ ಎಂಬ ಆ ಔಷಧವನ್ನು ಊಟಕ್ಕೆ ಅರ್ಧ ಗಂಟೆಯಾದರೂ ಮೊದಲು ಕೊಡಬೇಕೆಂದೂ, ಮೊಟ್ಟೆ ಮಾಂಸದ ಪ್ರೋಟೀನು ಅದು ಮೈಗೆ ಹತ್ತದಂತೆ ತಡೆಯುತ್ತದೆಂದೂ, ಹೊತ್ತು ತಪ್ಪಿದರೆ ಕೈಕಾಲು ಮಾತ್ರವಲ್ಲ ನುಂಗುವ ಶಕ್ತಿಯೂ ಹೋಗುತ್ತದೆಂದೂ ನಾನು ಹತ್ತು ವರ್ಷಗಳಿಂದ ಪರರ ಮನೆಗಳಲ್ಲಿ ಹೊಸ ಹುಡುಗಿಯರಿಗೆ ಕಲಿಸುತ್ತಿದ್ದೆ.

ಔಷಧ ಚೀಟಿ ತರಿಸಿ ನೋಡಿದೆ. 1-1-1 ಎಂದಷ್ಟೇ ಬರೆದಿತ್ತು. ನಮ್ಮಲ್ಲಿ ಅದನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟವಾದ ಮೇಲೆ ಎಂದು ಓದುತ್ತೇವೆ, ಅದರಲ್ಲಿ ಗಡಿಯಾರವಿಲ್ಲ. ಆ ಹುಡುಗಿಯ ತಪ್ಪೇನೂ ಇರಲಿಲ್ಲ. ಮಗುವಿನಂತೆ ಅವ್ವನ ತಲೆ ಬಾಚುತ್ತಿದ್ದಳು.

ವೈದ್ಯರನ್ನು ಮತ್ತೆ ಕಂಡು, ಅವರು ಹೇಳಿದಂತೆ ಗಂಟೆಗಳನ್ನು ಗೊತ್ತುಮಾಡಿ, ಶಾಲೆಯ ನೋಟ್‌ಬುಕ್ಕೊಂದನ್ನು ದಾರ ಕಟ್ಟಿ ಮೊಳೆಗೆ ತೂಗುಹಾಕಿದೆ. ಹತ್ತನೆಯ ದಿನ ಅವ್ವ ನನ್ನ ಕೈ ಹಿಡಿದು ಕಣದವರೆಗೆ ನಡೆದು, ಒಣಗಲು ಹಾಕಿದ್ದ ಕಾಫಿಯನ್ನು ಕಾಲಿನಿಂದ ಒಂದು ಸಲ ಹರವಿದರು. ಕಾಯಿಲೆ ಬೆಳೆಯುವಂಥದ್ದು, ಬೆಳೆಯಿತು. 2016ರ ಮಳೆಗಾಲದಲ್ಲಿ ತೀರಿಕೊಂಡರು. ಆದರೆ ಆ ಕುರ್ಚಿಯಲ್ಲಿ ಕಳೆದ ಎರಡು ವರ್ಷಗಳಲ್ಲಿ ಎಷ್ಟು ದಿನ ಅವರು ನಡೆಯಬಹುದಿತ್ತೋ ಎಂದು ನಾನು ಈಗಲೂ ಎಣಿಸುತ್ತೇನೆ.

ಆದ್ದರಿಂದ ನಿನ್ನ ಅಪ್ಪನ ಕೋಣೆಯಲ್ಲಿಯೂ ಒಂದು ಪುಸ್ತಕ ತೂಗುಹಾಕಿಸು. ಬರೆಯುವವರು ಹಿಂದಿಯಲ್ಲಾಗಲಿ ಮಲಯಾಳದಲ್ಲಾಗಲಿ ಬರೆಯಲಿ. ರಾತ್ರಿ ಆ ಪುಟದ ಫೋಟೋ ನಿನಗೆ ಬರಬೇಕು. ಮಗ್ಗುಲು ಬದಲಿಸಿದ ಗಂಟೆ ಅದರಲ್ಲಿರಲಿ, ಏಕೆಂದರೆ ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗಲು ಬಹಳ ದಿನ ಬೇಕಿಲ್ಲ. ಗಾಳಿ ಹಾಸಿಗೆ ತರಿಸಿದ್ದೇವೆ ಎಂದು ಬರೆದಿದ್ದೀಯ. ಅದರ ಪಂಪು ಕರೆಂಟಿನಿಂದ ನಡೆಯುವುದು, ಜೂನ್ ಬಂದ ಮೇಲೆ ನಮ್ಮ ಕಡೆ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅದನ್ನು ಇನ್ವರ್ಟರ್‌ಗೆ ಜೋಡಿಸಲು ನಿನ್ನ ತಮ್ಮನಿಗೆ ಈಗಲೇ ಹೇಳು. ಎಬ್ಬಿಸುವಾಗ ಎರಡು ಕಡೆಯಿಂದ ಕಂಕುಳಿಗೆ ಕೈಹಾಕಿ ಎತ್ತುವುದು ನಮ್ಮಲ್ಲಿ ರೂಢಿ. ಸೋತ ಕೈಯ ಹೆಗಲ ಕೀಲು ಅದರಿಂದ ಜಾರಬಹುದು. ಆ ಕೈಯನ್ನು ಯಾರೂ ಎಳೆಯಕೂಡದು. ನೀರು ಕುಡಿಯುವಾಗ ಕೆಮ್ಮು ಬರುತ್ತಿದೆಯೇ ಎಂದು ಕೇಳು. ಬರುತ್ತಿದ್ದರೆ ನುಂಗುವಿಕೆಯನ್ನು ವೈದ್ಯರಿಗೆ ತೋರಿಸುವವರೆಗೆ ಪ್ರೀತಿಯಿಂದಲೂ ಅಕ್ಕಿಯ ಉಂಡೆ ಕಡಂಬುಟ್ಟು ತಿನ್ನಿಸುವುದು ಬೇಡ. ಅಂಗವಿಕಲರ ಗುರುತಿನ ಚೀಟಿಗೂ ಅರ್ಜಿ ಹಾಕಿಸು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಸೇರಿತೆಂದು ನನಗೆ ತಿಳಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಅದರ ಅಗತ್ಯ ಮುಗಿದಿತ್ತು.

ನೋಡಿಕೊಳ್ಳುವವಳಿಗೆ ವಾರಕ್ಕೊಂದು ದಿನ ಬಿಡುವು ಕೊಡಲು ಅತ್ತಿಗೆಗೆ ಹೇಳು. ಅವಳ ಹಬ್ಬಕ್ಕೆ ಸೀರೆಯೋ ಹಣವೋ ನಿನ್ನ ಹೆಸರಿನಲ್ಲಿಯೇ ಹೋಗಲಿ.

ನಿನ್ನ ಅಪ್ಪನ ಔಷಧ ಚೀಟಿಯ ಫೋಟೋ ನನಗೆ ಕಳುಹಿಸು. ಮಾತ್ರೆ ಬದಲಿಸಲು ನಾನು ವೈದ್ಯಳಲ್ಲ, ಆದರೆ ವೈದ್ಯರನ್ನು ಏನು ಕೇಳಬೇಕೆಂದು ಬರೆದುಕೊಡಬಲ್ಲೆ. ಭಾನುವಾರ ಮಧ್ಯಾಹ್ನ 2ರವರೆಗೆ ನನಗೆ ಕೆಲಸವಿದೆ, ಆಮೇಲೆ ಫೋನ್ ಮಾಡು.

ಇತಿ,
ನಿನ್ನ ಅಕ್ಕ