ಕುಲುಮೆಯ ಊರಿಗೆ ಹೊಂದುವ ಕೆಲಸ

ಭದ್ರಾವತಿಯ ಓದುಗರೊಬ್ಬರ ಪತ್ರ: “ಮರುಬಳಕೆ, ಹಸಿರು ಉದ್ಯಮ ಎಲ್ಲ ದೊಡ್ಡ ಊರಿನವರ ಮಾತು. ಹೊಗೆ ಕುಡಿದೇ ಬೆಳೆದ ನಮ್ಮಂಥ ಊರಿಗೆ ಅದು ಹೊಂದುತ್ತದೆಯೇ? ಫಿಟ್ಟರ್ ಆಗಿರುವ ನನ್ನ ತಮ್ಮ ಅಲ್ಲಿ ಏನು ಮಾಡಬೇಕು?”

ಪ್ರಿಯ ಓದುಗರೇ,

ಹೊಂದುತ್ತದೆ ಅಂತಲೇ ನನ್ನ ನಂಬಿಕೆ. ಜಪಾನಿನ ಕಿಟಕ್ಯೂಶು ನೋಡಿ. ಅಲ್ಲಿನ ಯವಾಟದಲ್ಲಿ 1901ರಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆ ಶುರುವಾಯಿತು. 1960ರ ದಶಕದ ಹೊತ್ತಿಗೆ ಪಕ್ಕದ ಡೊಕಾಯ್ ಕೊಲ್ಲಿಗೆ ‘ಸಾವಿನ ಕಡಲು’ ಅಂತ ಹೆಸರು ಬಿದ್ದಿತ್ತು. ದನಿ ಎತ್ತಿದವರು ಅದೇ ಊರಿನ ಟೊಬಾಟ ಭಾಗದ ಗೃಹಿಣಿಯರು. ಎಷ್ಟೋ ಜನರ ಗಂಡಂದಿರು ಅದೇ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಅನ್ನ ಕೊಡುವ ಚಿಮಣಿಯನ್ನೇ ಪ್ರಶ್ನಿಸುವುದು ಎಷ್ಟು ಕಷ್ಟ, ಅಲ್ವಾ? ಆದರೂ ಆ ಹೆಂಗಸರು ಒಣಹಾಕಿದ ಬಟ್ಟೆಗೆ ಕೂತ ಮಸಿಯನ್ನು ನೋಡಿ ಸುಮ್ನಿರಲಿಲ್ಲ, ಬೀಳುವ ದೂಳಿನ ಲೆಕ್ಕ ಇಟ್ಟರು.

ಕೊಲ್ಲಿ ತಿಳಿಯಾಗಲು ವರ್ಷಗಳೇ ಹಿಡಿದವು. 1997ರಲ್ಲಿ, ಕಡಲು ತುಂಬಿ ಮಾಡಿದ ನೆಲದಲ್ಲಿ ಮರುಬಳಕೆಯ ‘ಇಕೋ ಟೌನ್’ಗೆ ಒಪ್ಪಿಗೆ ಸಿಕ್ಕಿತು. ಹಳೇ ಕಾರು, ಫ್ರಿಜ್, ಪೆಟ್ ಬಾಟಲಿ, ಟ್ಯೂಬ್‌ಲೈಟ್ ಎಲ್ಲ ಅಲ್ಲಿಗೆ ಬರುತ್ತವೆ.

ಕಾರಿನದೇ ಹೇಳುತ್ತೇನೆ. ಕರಗಿದ ಉಕ್ಕಿಗೆ ತಾಮ್ರ ಸೇರಿತೋ, ಮತ್ತೆ ಬೇರೆ ಮಾಡುವುದು ಬಹಳ ಕಷ್ಟ. ತಾಮ್ರ ಜಾಸ್ತಿಯಾದ ಉಕ್ಕು ಕಾದಿರುವಾಗ ಒತ್ತಿದರೆ ಮೈ ಬಿರಿಯುತ್ತದೆ. ಅದಕ್ಕೇ ಕಾರನ್ನು ಅದುಮಿ ಕುಲುಮೆಗೆ ಕಳಿಸುವ ಮೊದಲು ವೈರಿನ ಕಂತೆ, ಮೋಟರುಗಳನ್ನೆಲ್ಲ ಬಿಚ್ಚಿ ತೆಗೆಯಬೇಕು. ಇದರ ಬೆಲೆ ಲೋಹದ ಜೊತೆ ಬಾಳಿದ ಊರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಕುಲುಮೆ, ಬಂದರು, ಕೆಲಸ ಬಲ್ಲ ಕೈ ಮೂರೂ ಕಿಟಕ್ಯೂಶುವಿನಲ್ಲೇ ಇದ್ದವು.

ಕಾನೂನೂ ಬೇಕಾಯಿತು. 2001ರಿಂದ ಜಪಾನಿನಲ್ಲಿ ಹಳೇ ಫ್ರಿಜ್, ಟಿವಿ ಬಿಸಾಡುವವರೇ ಅದರ ಮರುಬಳಕೆಯ ಖರ್ಚು ಕೊಡಬೇಕು. 2005ರಿಂದ ಹೊಸ ಕಾರು ಕೊಳ್ಳುವಾಗಲೇ ಆ ಹಣ ಕಟ್ಟಬೇಕು. ಹಾಗಿಲ್ಲದಿದ್ದರೆ ಗುಜರಿಯಲ್ಲಿ ಬೆಲೆಬಾಳುವುದನ್ನು ಕಿತ್ತುಕೊಂಡು ಉಳಿದದ್ದನ್ನು ಬಯಲಿಗೆ ಸುರಿಯುತ್ತಾರೆ. ಇದನ್ನು ನಾವೂ ಕಣ್ಣಾರೆ ನೋಡಿದ್ದೇವೆ.

ಉಕ್ಕಿನ ಕಾರ್ಖಾನೆ ಕೊಟ್ಟಷ್ಟು ಕೆಲಸವನ್ನು ಮರುಬಳಕೆ ಕೊಡುತ್ತದೆ ಅಂತ ನಾನು ಹೇಳಲಾರೆ. ಹತ್ತು ಲಕ್ಷ ದಾಟಿದ್ದ ಕಿಟಕ್ಯೂಶುವಿನ ಜನಸಂಖ್ಯೆಯೂ ಇಳಿದಿದೆ. ಆದರೆ ನಿಮ್ಮ ತಮ್ಮನಿಗೆ ಅರ್ಧ ಕೆಲಸ ಆಗಲೇ ಬರುತ್ತದೆ. ಹೊಸದಾಗಿ ಕಲಿಯಬೇಕಾದ್ದು ಏರ್‌ಬ್ಯಾಗು, ಎಸಿ ಗ್ಯಾಸು, ಬ್ಯಾಟರಿಯನ್ನು ಅಪಾಯವಾಗದಂತೆ ತೆಗೆಯುವುದು. ಅದನ್ನು ನಿಮ್ಮೂರಿನಲ್ಲೇ ಕಲಿಸಲಿ ಅಂತ ನೀವು ಐಟಿಐಗೆ ಬರೆಯಿರಿ. ಆ ಪತ್ರದ ಪ್ರತಿ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

– ಸಂಪಾದಕ